ಮೂರನೇ ಟೇಬಲ್ಲಿನ ಆರನೇ ಪಾಕೆಟ್ಟು

ದಬ್ಬಳದಕ್ಕ ಪೂಲ್ ಟೇಬಲ್ಲಿನಲ್ಲಿ ಚೆಂಡು ಬೀಳುವ ಐದನೇ ಪಾಕೆಟ್ಟಿನೊಳಗೆ ಮಣಿಕಟ್ಟಿನವರೆಗೂ ಕೈ ಇಳಿಸಿ, ಬಾಯಂಚಿನ ಒಳಮಡಿಕೆಯ ಉದ್ದಕ್ಕೂ ಬೆರಳಾಡಿಸಿದಳು. ಕೈ ಹೊರತೆಗೆದಾಗ ಉಗುರುಗಳ ಸಂದಿಯಲ್ಲಿ ನೀಲಿ ಪುಡಿ ಸೇರಿಕೊಂಡಿತ್ತು. ಆಟದ ಕೋಲಿನ ತುದಿಗೆ ಉಜ್ಜುವ ಚಾಕಿನ ಪುಡಿ ಅದು. ವರ್ಷಗಟ್ಟಲೆ ಬಿದ್ದೂ ಬಿದ್ದೂ ಹೊಲಿಗೆಯ ತೂತುಗಳೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ.

"ಇದೂ ಹಳೇದೇ ಸಾರ್," ಎಂದಳು.

"ಐದಾಯ್ತು." ಇನ್‌ಸ್ಪೆಕ್ಟರ್ ತನ್ನ ಪುಸ್ತಕದಲ್ಲಿ ಗೀಟು ಹಾಕಿಕೊಂಡ. "ಇನ್ನೊಂದು ನೋಡಿಬಿಡಿ. ಅದೇ ಮುಖ್ಯ."

ಆ ಇನ್ನೊಂದು ಕಿಟಕಿ ಕಡೆಯ ಮೂಲೆಯದು. ಅದರ ಹತ್ತಿರ ಹೋಗಲು ಅವಳ ಕಾಲು ಏಳಲಿಲ್ಲ. ಈ ಕ್ಲಬ್ಬಿನಲ್ಲಿ ಚೆಂಡು ಜೋಡಿಸಿ ಅಂಕ ಬರೆಯುತ್ತಿದ್ದ ಮುದುಕ ಮಾರ್ಕರನನ್ನು ಕತ್ತು ಬಿಗಿದು ಕೊಂದನೆಂದು ಅವಳ ಒಬ್ಬನೇ ತಮ್ಮ ಭಾನುವಾರದಿಂದ ಲಾಕಪ್ಪಿನಲ್ಲಿದ್ದ. ನಾಳೆ ಹನ್ನೊಂದಕ್ಕೆ ಕೋರ್ಟು. ಇಡೀ ಕೇಸು ಆ ಮೂಲೆಯ ಪಾಕೆಟ್ಟಿನ ಮೇಲೆ ನಿಂತಿತ್ತು.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಮಾತ್ರ ಕಿಟಕಿಗಳೆಲ್ಲ ಮುಚ್ಚಿದ್ದವು. ಮೂರನೇ ಟೇಬಲ್ಲಿನ ಮೇಲೆ ನೇತಾಡುವ ದೀಪವೊಂದೇ ಉರಿಯುತ್ತಿತ್ತು. ಉಳಿದ ಟೇಬಲ್ಲುಗಳು ಬಟ್ಟೆ ಹೊದ್ದು ಕತ್ತಲೆಯಲ್ಲಿ ಮಲಗಿದ್ದವು. ಕ್ಲಬ್ಬಿನ ಯಜಮಾನ ಬೀಗ ತೆಗೆದುಕೊಟ್ಟವನೇ, ಹೆಣ ಬಿದ್ದಿದ್ದ ಕಡೆ ತನಗೆ ನಿಲ್ಲಲಾಗುವುದಿಲ್ಲ ಎಂದು ಬೀದಿಗೆ ಹೋಗಿ ನಿಂತಿದ್ದ. ಒಳಗೆ ಇದ್ದವರು ಮೂವರೇ: ಇನ್‌ಸ್ಪೆಕ್ಟರ್, ದಬ್ಬಳದಕ್ಕ, ಮತ್ತು ಸಾಮಾನಿನ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ ಅವಳ ತಮ್ಮನ ಹೆಂಡತಿ.

ಹೆತ್ತವರು ಇಟ್ಟ ಹೆಸರು ಯಾವ ಕಾಗದದಲ್ಲಿತ್ತೋ ಏನೋ, ಊರಿಗೆಲ್ಲ ಅವಳು ದಬ್ಬಳದಕ್ಕ. ಗೋಣಿ ಹೊಲಿಯುವಂಥ ದಪ್ಪ ಸೂಜಿಯೊಂದು ಸದಾ ಅವಳ ತುರುಬಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಪೂಲ್ ಟೇಬಲ್ಲಿನ ಹರಿದ ಪಾಕೆಟ್ಟುಗಳಿಗೆ ಹೊಸ ಚರ್ಮ ಕಟ್ಟುವುದು ಅವಳ ಅಪ್ಪನ ಕಸುಬು, ಅಪ್ಪನ ನಂತರ ಅವಳದು. ತಮ್ಮನದು ಟೇಬಲ್ಲಿನ ಮಟ್ಟ ನೋಡಿ ಹಸಿರು ಬಟ್ಟೆ ಬಿಗಿಯುವ ಕೆಲಸ. ಅವನು ದಬ್ಬಳ ಹಿಡಿದನೆಂದರೆ ಅದು ಚರ್ಮ ಬಿಟ್ಟು ಅವನ ಬೆರಳನ್ನೇ ಹುಡುಕಿಕೊಂಡು ಹೋಗುತ್ತಿತ್ತು.

ಅದೇ ಧೈರ್ಯದ ಮೇಲೆ ಅವಳು ಬಂದದ್ದು. ಬೆಳಿಗ್ಗೆ ಇನ್‌ಸ್ಪೆಕ್ಟರ್ ತಾನೇ ಅಂಗಡಿಗೆ ಬಂದು, ಪಾಕೆಟ್ಟಿನ ವಿಷಯ ನಿಮ್ಮಷ್ಟು ತಿಳಿದವರು ಇನ್ನೊಬ್ಬರಿಲ್ಲ, ನೋಡಿ ನಾಲ್ಕು ಮಾತು ಬರೆಸಿಕೊಡಿ ಎಂದು ಕೇಳಿದ್ದ. ಮಾರ್ಕರನ ಕುತ್ತಿಗೆಯ ಮೇಲೆ ಎರಡು ಬೆರಳಗಲದ ಗುರುತು, ಅದರ ಒಂದಂಚಿಗೆ ಸಾಲಾಗಿ ಸಣ್ಣ ಚುಕ್ಕೆಗಳು. ಅದು ಹೊಲಿದ ಚರ್ಮದ ಗುರುತೆಂದು ಡಾಕ್ಟರು ಹೇಳಿದ್ದರಂತೆ. ಮೂರನೇ ಟೇಬಲ್ಲಿನ ಒಂದು ಪಾಕೆಟ್ಟಿಗೆ ಮಾತ್ರ ಹೊಚ್ಚ ಹೊಸ ಚರ್ಮ. ಕೊಲೆಯಾದ ವಾರದಲ್ಲಿ ಆ ಟೇಬಲ್ಲಿನ ಮೇಲೆ ಕೆಲಸ ಮಾಡುತ್ತಿದ್ದವನು ಅವಳ ತಮ್ಮ. ಇನ್ನೇನು ಬೇಕು ಎಂಬಂತೆ ಮಾತಾಡಿದ್ದ.

ತಮ್ಮನ ಹೊಲಿಗೆಯನ್ನು ತಾನು ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯಬಲ್ಲೆ, ಅದು ಅವನದಲ್ಲ ಎಂದು ಹೇಳಿ ಅವನನ್ನು ಮನೆಗೆ ಕರೆದೊಯ್ಯುತ್ತೇನೆ ಎಂದುಕೊಂಡೇ ದಬ್ಬಳದಕ್ಕ ಹೊರಟಿದ್ದಳು. ನಾಳೆಯೊಳಗೆ ಆಗಬೇಕು. ಒಮ್ಮೆ ದೊಡ್ಡ ಜೈಲಿನ ಬಾಗಿಲು ಹಾಕಿಕೊಂಡರೆ ಅವನಂಥ ಮೆತ್ತನೆಯ ಮನುಷ್ಯ ಅಲ್ಲಿ ತಿಂಗಳು ಬಾಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಆರನೇ ಪಾಕೆಟ್ಟಿನ ಮುಂದೆ ನಿಂತು ಅವಳು ಮೊದಲು ಕಬ್ಬಿಣ ನೋಡಿದಳು. ಪಾಕೆಟ್ಟಿಗೆ ಜೀವವೆಂದರೆ ಆ ಬಾಗಿದ ಕಬ್ಬಿಣದ ಕಮಾನು. ಅದರ ಎರಡು ಕಿವಿಗಳಿಗೆ ಬೋಲ್ಟು ಹಾಕಿ ಟೇಬಲ್ಲಿಗೆ ಬಿಗಿಯುತ್ತಾರೆ, ಮೇಲೆ ಚರ್ಮ ಸುತ್ತುತ್ತಾರೆ, ಕೆಳಗೆ ಚರ್ಮದ ಬಲೆ ನೇತಾಡುತ್ತದೆ. ಎಲ್ಲ ಕಮಾನೂ ಒಂದೇ ಎನ್ನುವವರು ಈ ಕಸುಬಿನ ಹೊರಗಿನವರು. ಮೂಲೆಯದರ ಕಿವಿ ಬೇರೆ, ನಡುವಿನದರ ಕಿವಿ ಬೇರೆ. ಒಂದು ಟೇಬಲ್ಲಿನದನ್ನು ಇನ್ನೊಂದಕ್ಕೆ ಹಾಕಹೋದರೆ ಒಂದು ಗೋಧಿಕಾಳಿನಷ್ಟಾದರೂ ತಪ್ಪುತ್ತದೆ, ಚೆಂಡು ಬಾಯಿಗೆ ಬಡಿದು ಹಿಂದಕ್ಕೆ ಬರುತ್ತದೆ.

ಅಪ್ಪನ ಕಾಲದ ಕಚ್ಚು ಹಾಕಿದ ಅಳತೆಕೋಲನ್ನು ಕಿವಿಯಿಂದ ಕಿವಿಗೆ ಹಿಡಿದಳು. ಸರಿಯಾಗಿ ಕೂತಿತು. ಕಮಾನಿನ ಬೆನ್ನಿಗೆ ಅಚ್ಚಿನಲ್ಲೇ ಎರಕವಾಗಿ ಬಂದ ಅಂಕಿಯನ್ನು ಬೆರಳಿನಿಂದ ತಡವಿದಳು. ಹದಿನಾಲ್ಕು, ಉಳಿದ ಐದಕ್ಕೂ ಅದೇ ಅಂಕಿ ಇತ್ತು. ಕಬ್ಬಿಣ ಇದೇ ಟೇಬಲ್ಲಿನದು, ಹೊರಗಿನಿಂದ ಬಂದದ್ದಲ್ಲ ಎಂದು ಹೇಳಿದಳು. ಇನ್‌ಸ್ಪೆಕ್ಟರ್ ತಲೆಯಾಡಿಸಿ ಬರೆದುಕೊಂಡ.

ಆಮೇಲೆ ಚರ್ಮ. ತೂತುಗಳಲ್ಲಿ ಪುಡಿಯ ಸುಳಿವೇ ಇರಲಿಲ್ಲ. ಮೇಣದ ದಾರ ಇನ್ನೂ ಅಂಟಂಟಾಗಿತ್ತು. ಹೆಬ್ಬೆರಳಿನ ಉಗುರಿನಿಂದ ಹೊಲಿಗೆ ಎಣಿಸಿದಳು. ಅಂಗುಲಕ್ಕೆ ಒಂಬತ್ತು, ಎಲ್ಲವೂ ಒಂದೇ ಓರೆಯಲ್ಲಿ. ತಮ್ಮ ಹೊಲಿದರೆ ಅಂಗುಲಕ್ಕೆ ಆರು, ಅದರಲ್ಲೂ ಎರಡು ಸೊಟ್ಟ. ಮೂರು ದಿನದಿಂದ ಎದೆಯ ಮೇಲಿದ್ದ ಬಂಡೆ ಇಳಿದಂತಾಗಿ ಅವಳಿಗೆ ಅಳುವೇ ಬಂತು.

"ಸಾರ್, ಇದು ನನ್ನ ತಮ್ಮಂದಲ್ಲ. ಅವನು ತಲೆ ಕೆಳಗೆ ಮಾಡಿ ನಿಂತ್ರೂ ಹೀಗೆ ಹೊಲಿಯೋಕೆ ಬರಲ್ಲ."

ಇನ್‌ಸ್ಪೆಕ್ಟರ್ ನಕ್ಕ. ಕೋರ್ಟಿಗೆ ಅಂಗುಲಕ್ಕೆ ಆರೋ ಒಂಬತ್ತೋ ಬೇಕಾಗಿಲ್ಲ, ನಿಮ್ಮ ಅಂಗಡಿಯ ಹೊಲಿಗೆ ಹೌದೋ ಅಲ್ಲವೋ ಅಷ್ಟು ಸಾಕು ಎಂದ. ಆಮೇಲೆ, ಹೊತ್ತು ಹೋಗಲಿ ಎಂಬಂತೆ, ತಮ್ಮ ಲಾಕಪ್ಪಿನಲ್ಲಿ ಹೇಳಿದ ಕಥೆಯನ್ನು ತೆಗೆದ. ಬಟ್ಟೆ ಬದಲಿಸಲು ಸೋಮವಾರ ಆರೂ ಪಾಕೆಟ್ಟು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದನಂತೆ. ಮಂಗಳವಾರ ಬಂದು ನೋಡಿದರೆ ಐದೇ ಇದ್ದವಂತೆ. ಮಾರ್ಕರನನ್ನು ಕೇಳೋಣವೆಂದರೆ ಅವನೂ ಇಲ್ಲ, ಮಗಳ ಮನೆಗೆ ಹೋಗಿರಬೇಕೆಂದು ಎಲ್ಲರೂ ಸುಮ್ಮನಿದ್ದರು. ಶುಕ್ರವಾರ ಮತ್ತೆ ಎಣಿಸಿದರೆ ಆರು.

"ಪಾಕೆಟ್ಟಿಗೆ ಕಾಲು ಬಂದಿತ್ತಂತೆ," ಎಂದ ಇನ್‌ಸ್ಪೆಕ್ಟರ್. "ಊರು ಸುತ್ತಿಕೊಂಡು, ಹೊಸ ಬಟ್ಟೆ ಹಾಕಿಕೊಂಡು ಬಂತಂತೆ."

ಶನಿವಾರ ಉಗ್ರಾಣದ ಬಾಗಿಲು ತೆಗೆದಾಗ ಮಾರ್ಕರನ ಹೆಣ ಸಿಕ್ಕಿತ್ತು. ಸತ್ತದ್ದು ಸೋಮವಾರ ಸಂಜೆ ಎಂದು ಡಾಕ್ಟರು ಬರೆದಿದ್ದರು.

ದಬ್ಬಳದಕ್ಕನ ಬೆರಳು ಪಾಕೆಟ್ಟಿನ ಎಡಗಿವಿಯ ಹತ್ತಿರ ನಿಂತುಬಿಟ್ಟಿತ್ತು. ಅಲ್ಲಿ ಕೊನೆಯ ಮೂರು ಹೊಲಿಗೆ ಹಿಂದಕ್ಕೆ ತಿರುಗಿ, ಮಡಿಕೆಯ ಅಡಿಗೆ ಹೋಗಿ ಮುಗಿದಿದ್ದವು. ಹಾಗೆ ಹಿಂದಕ್ಕೆ ತಿರುಗಿಸಿ ಮುಗಿಸುವವಳು ಅವಳೊಬ್ಬಳೇ. ಸಂಜೆಯವರೆಗೂ ಎದುರಿಗೆ ಕೂತು ನೋಡಿದರೂ ತಮ್ಮನಿಗೆ ಅದು ಕಲಿಯಲಾಗಿರಲಿಲ್ಲ.

"ಅಡಿಯಿಂದ ನೋಡಬೇಕು ಸಾರ್. ಬೋಲ್ಟು ಸಡಿಲ ಮಾಡಿ," ಎಂದಳು. ತನ್ನ ದನಿ ತನ್ನದೇ ಅಲ್ಲವೆನಿಸಿತು.

"ನೋಡಿ, ನೋಡಿ. ಅವಸರ ಏನಿಲ್ಲ."

ಅವಳು ಸ್ಪ್ಯಾನರ್ ತೆಗೆದುಕೊಂಡು ಟೇಬಲ್ಲಿನ ಅಡಿಗೆ ತೂರಿದಳು. ಟಾರ್ಚು ಹಿಡಿಯಲೆಂದು ತಮ್ಮನ ಹೆಂಡತಿ ಹಿಂದೆಯೇ ಮೊಣಕಾಲೂರಿ ಬಂದಳು. ಭಾನುವಾರದಿಂದ ಆ ಹುಡುಗಿ ಅನ್ನ ಮುಟ್ಟಿರಲಿಲ್ಲ, ಕೇಳಿದ್ದಕ್ಕೆ ಹೂಂ ಉಹೂಂ ಬಿಟ್ಟು ಬೇರೆ ಮಾತಿರಲಿಲ್ಲ. ಗಂಡ ಒಳಗಿದ್ದರೆ ಯಾರಿಗಾದರೂ ಹಾಗೆಯೇ ಎಂದು ದಬ್ಬಳದಕ್ಕ ಕೆದಕಲು ಹೋಗಿರಲಿಲ್ಲ.

ಬೋಲ್ಟು ಎರಡು ಸುತ್ತು ಸಡಿಲವಾಯಿತು. ಚರ್ಮದ ಮಡಿಕೆಯನ್ನು ದಬ್ಬಳದ ಮೊನೆಯಿಂದ ಎಬ್ಬಿಸಿದಳು. ಒದ್ದೆ ಚರ್ಮ ಕಬ್ಬಿಣಕ್ಕೆ ತಾಗಿ ತುಕ್ಕು ಹಿಡಿಯದಿರಲೆಂದು ನಡುವೆ ಮೇಣ ಸವರಿದ ಕಾಗದ ಸುತ್ತುವುದು ಅವರ ಮನೆಯ ಪದ್ಧತಿ. ಟಾರ್ಚಿನ ಬೆಳಕಿಗೆ ಕಾಗದ ಕಾಣಿಸಿತು. ಹಳೆಯ ಕ್ಯಾಲೆಂಡರಿನ ಹಾಳೆ, ಅದರ ಮೇಲೆ ಇಪ್ಪತ್ತೊಂದು, ಇಪ್ಪತ್ತೆರಡು ಎಂಬ ಕೆಂಪು ಅಂಕಿಗಳು. ಹೋದ ಬುಧವಾರ ಆ ಹಾಳೆಯನ್ನು ಅಂಗಡಿಯ ಗೋಡೆಯಿಂದ ಹರಿದುಕೊಂಡವಳು ಅವಳೇ.

ಮಡಿಕೆ ಮುಚ್ಚಿದಳು. ಮೇಲೆ ಇನ್‌ಸ್ಪೆಕ್ಟರ್ ಟೇಬಲ್ಲಿನ ಸುತ್ತ ನಡೆಯುತ್ತಿದ್ದ. ಅಡಿಯಿಂದ ನೋಡಿದರೆ ಮಿರಮಿರ ಮಿಂಚುವ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು.

"ಬುಧವಾರ ನೀನು ತಂದುಕೊಟ್ಟದ್ದು ಇದೇ ಅಲ್ವಾ?" ಅವಳು ಪಿಸುಗುಟ್ಟಿದಳು.

ತಮ್ಮನ ಹೆಂಡತಿ ಟಾರ್ಚನ್ನು ಕೆಳಗಿಳಿಸಿದಳು.

"ಬಸ್ಸಿನ ಪಾರ್ಸಲ್ಲು ಅಂದೆ. ಎಲ್ಲೋ ದೂರದ ಕ್ಲಬ್ಬಿನವರು ಕಳಿಸಿದ್ದು, ನಾಳೆಗೇ ಬೇಕಂತೆ ಅಂದೆ."

"ಹೌದು ಅತ್ತಿಗೆ."

"ಯಾಕೆ ಸುಳ್ಳು ಹೇಳಿದೆ?"

"ಹಾಗೇ ಹೇಳು ಅಂದ್ರು."

"ಯಾರು ಅಂದದ್ದು? ನಿನ್ನ ಗಂಡನಾ?"

"ಅವರಿಗೆ ಏನೂ ಗೊತ್ತಿಲ್ಲ ಅತ್ತಿಗೆ. ನನ್ನ ಮಗಳ ಆಣೆ."

ದಬ್ಬಳದಕ್ಕ ಅವಳ ಮಣಿಕಟ್ಟು ಹಿಡಿದಳು. ಬಿಗಿಯಾಗಿಯೇ ಹಿಡಿದಳು. ಅವಳಿಗೆ ಬಂದ ಸಿಟ್ಟಿಗೆ ಆ ಟೇಬಲ್ಲನ್ನೇ ಎತ್ತಿ ಎಸೆಯಬಹುದಿತ್ತು. "ನೀನು ಹೊಲಿಸಿದೆ, ನಾನು ಹೊಲಿದೆ. ಇಬ್ಬರೂ ಸೇರಿ ಅವನನ್ನ ಒಳಗೆ ಹಾಕಿದ್ವಿ. ಮೂರು ದಿನದಿಂದ ನನ್ನ ಎದುರಿಗೇ ಕೂತಿದ್ಯಲ್ಲೇ, ಬಾಯಿಗೆ ಏನು ಬಂದಿತ್ತು ನಿಂಗೆ?"

ಬೂಟುಗಳು ನಿಂತವು. ಸ್ವಲ್ಪ ಹೊತ್ತಿಗೆ ಬೂಟುಗಳು ಮತ್ತೆ ನಡೆದವು.

ಬುಧವಾರ ಚೀಲ ಬಿಚ್ಚಿದಾಗ ಕಂಡದ್ದು ಈಗ ದಬ್ಬಳದಕ್ಕನ ಕಣ್ಣಿಗೆ ಕಟ್ಟಿತು. ಕಬ್ಬಿಣ ಬೇರೆ, ಕಿತ್ತುಬಂದ ಹಳೆಯ ಚರ್ಮದ ಪಟ್ಟಿ ಬೇರೆ. ಪಟ್ಟಿಯ ನಡುವೆ ಅಕ್ಕಪಕ್ಕದಲ್ಲಿ ನಾಲ್ಕು ಉದ್ದನೆಯ ಗೀರುಗಳಿದ್ದವು. ಇದೇನು, ಆ ಕ್ಲಬ್ಬಿನಲ್ಲಿ ಬೆಕ್ಕು ಸಾಕಿದ್ದಾರಾ ಎಂದು ಅವಳು ಗಟ್ಟಿಯಾಗಿ ನಕ್ಕಿದ್ದಳು. ಬೆಕ್ಕಲ್ಲ. ಬಿಗಿದ ಪಟ್ಟಿಯನ್ನು ಕುತ್ತಿಗೆಯಿಂದ ಕೀಳಲು ಒದ್ದಾಡಿದ ಮುದುಕನ ಉಗುರುಗಳು ಅವು.

ಕೊಂದವನ ಲೆಕ್ಕಾಚಾರವೂ ಆಗಲೇ ಅರ್ಥವಾಯಿತು. ಪಾಕೆಟ್ಟು ಎಸೆದಿದ್ದರೆ ಒಂದು ಕಡಿಮೆಯಾಯಿತೆಂದು ತಮ್ಮ ಕೂಗುತ್ತಿದ್ದ. ಹರಿದದ್ದನ್ನೇ ಇಟ್ಟಿದ್ದರೆ ನೋಡಿದವರೆಲ್ಲ ಕೇಳುತ್ತಿದ್ದರು. ತಮ್ಮನ ಮನೆಯವರಿಂದಲೇ ಸರಿ ಮಾಡಿಸಿ ಇಟ್ಟರೆ ಕೊಲೆಯ ಗುರುತು ಅಳಿಸುತ್ತದೆ, ಅಪವಾದವೂ ಅವರ ಬಾಗಿಲಿಗೇ ಬರುತ್ತದೆ. ಇಂಥ ತಲೆ ಯಾರದು?

"ಯಾರು ಕೊಟ್ಟದ್ದು ಹೇಳು. ಈಗ ಹೇಳಲಿಲ್ಲ ಅಂದ್ರೆ ನಾಳೆ ಹೇಳಿ ಪ್ರಯೋಜನ ಇಲ್ಲ."

ತಮ್ಮನ ಹೆಂಡತಿ ಟಾರ್ಚನ್ನು ಮೆಲ್ಲಗೆ ತಿರುಗಿಸಿದಳು. ಬೆಳಕು ನೆಲದ ಮೇಲೆ ಹರಿದು ಹೋಗಿ, ಟೇಬಲ್ಲಿನ ಕಾಲು ದಾಟಿ, ಆ ಎರಡು ಬೂಟುಗಳ ಮೇಲೆ ನಿಂತಿತು. ತಕ್ಷಣ ಅವಳು ಟಾರ್ಚು ಆರಿಸಿಬಿಟ್ಟಳು.

ದಬ್ಬಳದಕ್ಕನಿಗೆ ಮೊದಲು ನಂಬಿಕೆಯಾಗಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದಳೇ ಹೊರತು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಆ ಬಡ ಮುದುಕನ ಮೇಲೆ ಇವನಿಗೆ ಏನು ಹಗೆಯಿತ್ತೋ ಅವಳಿಗೆ ತಿಳಿಯಲಿಲ್ಲ.

ಕತ್ತಲೆಯಲ್ಲಿ ಆ ಹುಡುಗಿ ಅವಳ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಬುಧವಾರ ಗಂಡ ಕೆಲಸಕ್ಕೆ ಹೋದಮೇಲೆ ಇವನು ಸಾದಾ ಅಂಗಿಯಲ್ಲಿ ಮನೆ ಬಾಗಿಲಿಗೆ ಬಂದನಂತೆ. ಒಳ್ಳೆಯ ಮಾತಿನವನು. ನಿಮ್ಮ ಅತ್ತಿಗೆಯ ಕೈ ಬಂಗಾರದ್ದಂತೆ, ಅವರೇ ಮಾಡಲಿ. ನಿಮ್ಮ ಯಜಮಾನರಿಗೆ ಹೇಳಬೇಡಿ, ನನ್ನ ಕೈಯಲ್ಲಿ ಆಗಲ್ಲವಾ ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಪಾರ್ಸಲ್ಲಿನಲ್ಲಿ ಬಂತು ಎನ್ನಿ, ಹಳೆ ಚರ್ಮ ಎಸೆದುಬಿಡಿ ಎಂದನಂತೆ. ಗುರುವಾರ ಸಂಜೆ ತಾನೇ ಬಂದು ಒಯ್ದ. ಭಾನುವಾರ ಗಂಡನನ್ನು ಜೀಪು ಹತ್ತಿಸಲು ಬಂದ ಸಮವಸ್ತ್ರದವನ ಮುಖ ನೋಡಿದಾಗ, ಬುಧವಾರ ಬಾಗಿಲಿಗೆ ಬಂದವನು ಇವನೇ ಎಂದು ಅವಳಿಗೆ ಗೊತ್ತಾಯಿತು.

"ನಾನು ಗುರುತು ಹಿಡಿದೆ ಅಂತ ಅವನಿಗೂ ಗೊತ್ತಾಯ್ತು ಅತ್ತಿಗೆ. ಮಗಳ ತಲೆ ಸವರಿ, ಪುಟ್ಟಿ ಯಾವ ಸ್ಕೂಲಮ್ಮಾ ಅಂತ ಕೇಳಿದ. ನಾನು ಹೇಳಲಿಲ್ಲ. ಅವನೇ ಹೇಳಿದ. ಸ್ಕೂಲು, ಕ್ಲಾಸು, ಯಾವ ಬಾಗಿಲಿಂದ ಹೊರಗೆ ಬರ್ತಾಳೆ ಅನ್ನೋದು, ಎಲ್ಲಾ."

ದಬ್ಬಳದಕ್ಕನ ಸಿಟ್ಟು ಎಲ್ಲಿಗೆ ಹೋಯಿತೋ. ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟು, ಅದೇ ಕೈಯಿಂದ ಆ ಹುಡುಗಿಯ ಕೆನ್ನೆ ಒರೆಸಿದಳು.

"ಏನಮ್ಮಾ," ಮೇಲಿನಿಂದ ದನಿ ಬಂತು, "ಅಲ್ಲೇ ಸಂಸಾರ ಹೂಡಿಬಿಟ್ರಾ?"

ಇಬ್ಬರೂ ಹೊರಗೆ ಬಂದರು. ದಬ್ಬಳದಕ್ಕ ಮೊಣಕಾಲಿನ ಧೂಳು ಕೊಡವಿಕೊಂಡಳು; ಯೋಚನೆಗೆ ಸಿಕ್ಕಿದ್ದು ಅಷ್ಟೇ ಹೊತ್ತು. ಇನ್‌ಸ್ಪೆಕ್ಟರ್ ಹಸಿರು ಬಟ್ಟೆಯ ಮೇಲೆ ಒಂದು ಕಾಗದ ಹಾಸಿ, ಅದರ ಮೇಲೆ ಪೆನ್ನು ಇಟ್ಟಿದ್ದ. ಈ ಹೊಲಿಗೆ ನಮ್ಮ ಅಂಗಡಿಯದು ಎಂದು ಮೊದಲೇ ಬರೆದಿತ್ತು. ಸಹಿಯೊಂದು ಬಾಕಿ.

ಸಹಿ ಹಾಕಿದರೆ ತಮ್ಮ ಮುಗಿದ. ಹಾಕದಿದ್ದರೆ ಮಗುವಿನ ಗತಿ ಏನೋ. ಅವಳು ಪೆನ್ನು ತೆಗೆದುಕೊಂಡು 'ನಮ್ಮ ಅಂಗಡಿಯದು' ಎಂಬುದನ್ನು ಹೊಡೆದುಹಾಕಿದಳು. ಮೇಲೆ 'ನನ್ನದು' ಎಂದು ಬರೆದಳು.

"ಹೊಲಿದವಳು ನಾನು ಸಾರ್. ಬುಧವಾರ, ಗುರುವಾರ ಕೂತು ಹೊಲಿದದ್ದು. ನನ್ನ ತಮ್ಮ ಇದನ್ನ ಮುಟ್ಟಿಲ್ಲ."

ಇನ್‌ಸ್ಪೆಕ್ಟರ್ ಕಾಗದವನ್ನು ಎರಡು ಸಲ ಓದಿದ. ಇದು ಅವನು ಎಣಿಸಿದ ಉತ್ತರವಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. ನಿಮಗೆ ತಂದುಕೊಟ್ಟವರು ಯಾರು ಎಂದು ಕೇಳಿದ; ಕೇಳುವಾಗ ನೋಡಿದ್ದು ತಮ್ಮನ ಹೆಂಡತಿಯನ್ನು.

"ಬಸ್ಸಿನ ಪಾರ್ಸಲ್ಲು. ಹೆಸರಿರಲಿಲ್ಲ," ಎಂದಳು ದಬ್ಬಳದಕ್ಕ.

ಅವನ ಭುಜ ಕೂದಲೆಳೆಯಷ್ಟು ಇಳಿಯಿತು. ಅವಳು ಅದನ್ನು ನೋಡಿದಳು. ತಾನು ನೋಡಿದ್ದು ಅವನಿಗೆ ಕಾಣದಿರಲೆಂದು ಸಾಮಾನಿನ ಪೆಟ್ಟಿಗೆಯ ಮೇಲೆ ಬಗ್ಗಿದಳು.

"ಸರಿ," ಎಂದ ಅವನು. "ಹಳೇ ಚರ್ಮ ಏನು ಮಾಡಿದ್ರಿ?"

"ಒಲೆಗೆ ಹಾಕಿದೆ ಸಾರ್. ಅದನ್ನಿಟ್ಟುಕೊಂಡು ಏನು ಮಾಡ್ಲಿ."

ಸುಳ್ಳು. ಹುಟ್ಟಿದಂದಿನಿಂದ ಅವಳ ಅಂಗಡಿಯಲ್ಲಿ ಹಳೆ ಚರ್ಮ ಒಲೆ ಕಂಡದ್ದಿಲ್ಲ. ಬಿಚ್ಚಿದ ಪಟ್ಟಿಯನ್ನು ಒಂದು ವರ್ಷ ಎಸೆಯಕೂಡದೆಂದು ಅಪ್ಪ ಮಾಡಿದ ಕಟ್ಟು. ಹೊಸದು ಹಿಗ್ಗಿದರೂ ಕುಗ್ಗಿದರೂ ಅಳತೆಗೆ ಹಳೆಯದೇ ದಿಕ್ಕು. ಪ್ರತಿಯೊಂದಕ್ಕೂ ತಾರೀಕಿನ ಚೀಟಿ ಕಟ್ಟಿ ಹಿಂದಿನ ಕೋಣೆಯ ಗೋಡೆಗೆ ಸಾಲಾಗಿ ನೇತುಹಾಕುತ್ತಾರೆ. ಎಸೆದುಬಿಡಿ ಎಂದ ಗಿರಾಕಿಗೆ ಹೂಂ ಎನ್ನುತ್ತಾರೆ, ನೇತುಹಾಕುತ್ತಾರೆ. ನಾಲ್ಕು ಗೀರಿನ ಆ ಪಟ್ಟಿಯನ್ನು ಗುರುವಾರ ಅವಳೇ ಕೈಯಾರೆ ಮೊಳೆಗೆ ಸಿಕ್ಕಿಸಿದ್ದಳು. ಗೀರುಗಳ ಜೊತೆ ಮುದುಕನ ರಕ್ತವೂ ಇದ್ದೀತು, ಬಿಗಿದವನ ಕೈಬೆರಳ ಗುರುತೂ ಇದ್ದೀತು. ಲೋಕದಲ್ಲಿ ತಮ್ಮನನ್ನು ಬಿಡಿಸಬಲ್ಲ ವಸ್ತು ಅದೊಂದೇ. ಇಲ್ಲಿಂದ ಕಾಲು ಕಿತ್ತರೆ ಸಾಕು, ಅದನ್ನು ತೆಗೆದುಕೊಂಡು ನೇರವಾಗಿ ಇವನ ಮೇಲಿನ ದೊಡ್ಡ ಸಾಹೇಬರ ಬಾಗಿಲಿಗೆ ಹೋಗುವುದೆಂದು ಅವಳು ಆಗಲೇ ನಿಶ್ಚಯಿಸಿದ್ದಳು.

"ಒಲೆಗೆ ಹಾಕಿದ್ರಾ," ಎಂದ ಇನ್‌ಸ್ಪೆಕ್ಟರ್. "ಒಳ್ಳೇದು. ಆದ್ರೂ ನಮ್ಮ ಪದ್ಧತಿ ಒಂದಿದೆಯಲ್ಲ. ನೀವು ಇಲ್ಲಿಗೆ ಬಂದ ಹಿಂದೆಯೇ ಇಬ್ಬರನ್ನ ನಿಮ್ಮ ಅಂಗಡಿಗೆ ಕಳಿಸಿದೀನಿ."

ಮಾತು ಮುಗಿಯುವುದರೊಳಗೆ ಅವನ ಫೋನು ಬಡಿದುಕೊಂಡಿತು. ಆಚೆಯಿಂದ ಮಾತಾಡುತ್ತಿದ್ದ ಕಾನ್‌ಸ್ಟೇಬಲ್ಲನದು ಸಂತೆಗೆ ಕೇಳುವಂಥ ಗಂಟಲು. ಬೀಗ ಒಡೆದು ಒಳಗೆ ಬಂದಿದ್ದೇವೆ, ಹಿಂದಿನ ಕೋಣೆಯ ಗೋಡೆಯ ತುಂಬ ಹಳೆ ಚರ್ಮ ನೇತುಹಾಕಿದ್ದಾರೆ, ಪ್ರತಿಯೊಂದಕ್ಕೂ ತಾರೀಕು ಬರೆದಿದೆ, ಯಾವುದು ತರಲಿ ಎಂದು ಅವನು ಕೇಳುವುದು ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು.

ಇನ್‌ಸ್ಪೆಕ್ಟರ್ ದಬ್ಬಳದಕ್ಕನನ್ನೇ ನೋಡುತ್ತ, "ಹೋದ ಗುರುವಾರದ್ದು," ಎಂದ.

ಅವಳು ಟೇಬಲ್ಲಿನ ಅಂಚು ಹಿಡಿದುಕೊಂಡಳು. ಮುಗಿಯಿತು. ಅವರ ಕೈಗೆ ಸಿಕ್ಕಿದ್ದು ಸಂಜೆಯೊಳಗೆ ಬೂದಿಯಾಗುತ್ತದೆ. ತಮ್ಮನ ಮುಖ, ಸಣ್ಣವನಿದ್ದಾಗಿನ ಮುಖ, ಕಣ್ಣ ಮುಂದೆ ಬಂತು.

ಫೋನಿನಲ್ಲಿ ಹೆಜ್ಜೆಯ ಸದ್ದು, ಏನೋ ಸರಿಸಿದ ಸದ್ದು. ಆಮೇಲೆ ಅದೇ ದೊಡ್ಡ ಗಂಟಲು.

"ಗುರುವಾರದ ಚೀಟಿ ಮೊಳೆಗೆ ಹಾಗೇ ಇದೆ ಸಾರ್. ದಾರಾನ ಯಾರೋ ಕತ್ತರಿಸಿದಾರೆ. ಚರ್ಮ ಇಲ್ಲ."

ಇನ್‌ಸ್ಪೆಕ್ಟರನ ಮುಖದ ರಕ್ತ ಇಳಿದುಹೋಯಿತು. ಅವನು ಫೋನನ್ನು ಕಿವಿಯಿಂದ ತೆಗೆದ.

"ಎಲ್ಲಿಟ್ಟಿದೀಯಾ?" ಎಂದ. ಈ ಸಲ ಅಮ್ಮಾ ಎನ್ನಲಿಲ್ಲ.

ದಬ್ಬಳದಕ್ಕ ತಮ್ಮನ ಹೆಂಡತಿಯ ಕಡೆ ತಿರುಗಿದಳು. ಆ ಹುಡುಗಿ ಬೆಪ್ಪಾಗಿ ತಲೆಯಾಡಿಸಿದಳು, ಅವಳಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಅಂಗಡಿಗೆ ಬೀಗ ಹಾಕುವಾಗ ಆ ಪಟ್ಟಿ ಮೊಳೆಯ ಮೇಲೆಯೇ ಇತ್ತು. ಇರುವುದು ಒಂದೇ ಬೀಗದ ಕೈ, ಅದು ಅವಳ ಸೊಂಟದಲ್ಲಿತ್ತು. ಆಮೇಲೆ ಒಳಗೆ ಕಾಲಿಟ್ಟವರು ಬೀಗ ಒಡೆದ ಆ ಇಬ್ಬರು ಪೊಲೀಸರೇ.

ಇನ್‌ಸ್ಪೆಕ್ಟರ್ ನಡೆದುಹೋಗಿ ಬೀದಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ.